ಸತ್ಯಾಂಶ: ಸಾಕಿದ ಕ್ಯಾಟ್‌ಫಿಶ್‌ಗೆಲ್ಲ ಹಾರ್ಮೋನ್ ಚುಚ್ಚುತ್ತಾರಾ?

“ಸಾಕಿದ ಕ್ಯಾಟ್‌ಫಿಶ್ ಬೇಗ ದಪ್ಪ ಆಗಲಿ ಅಂತ ಒಂದೊಂದಕ್ಕೂ ಹಾರ್ಮೋನ್ ಚುಚ್ಚುತ್ತಾರೆ, ತಿನ್ನಬೇಡಿ” ಎಂಬ ಫಾರ್ವರ್ಡ್ ಓಡಾಡುತ್ತಿದೆ. ಚುಚ್ಚುವುದು ನಿಜ. ಯಾವ ಮೀನಿಗೆ, ಯಾಕೆ ಅನ್ನುವುದು ಮಾತ್ರ ತಪ್ಪು.

ಆಫ್ರಿಕನ್ ಕ್ಯಾಟ್‌ಫಿಶ್ ಮಳೆಗೆ ನೀರು ಏರಿದಾಗ, ಹೊಸದಾಗಿ ಮುಳುಗಿದ ಹುಲ್ಲಿನ ಜಾಗದಲ್ಲಿ ಮೊಟ್ಟೆ ಇಡುತ್ತದೆ. ಸಾಕುವ ಕೊಳದಲ್ಲಿ ಆ ಸೂಚನೆ ಸಿಗುವುದಿಲ್ಲ. ಹೊಟ್ಟೆ ತುಂಬ ಮೊಟ್ಟೆ ಇದ್ದರೂ ಹೊರಗೆ ಬರುವುದಿಲ್ಲ. ಅದಕ್ಕೇ ತಾಯಿ ಮೀನಿನ ಬೆನ್ನಿಗೆ ಹಾರ್ಮೋನ್. ನೀರು 25 ಡಿಗ್ರಿ ಇದ್ದರೆ ಸುಮಾರು 11 ಗಂಟೆಯಲ್ಲಿ ಮೊಟ್ಟೆ ಸಿದ್ಧ. ಹೊಟ್ಟೆಯನ್ನು ಮೆಲ್ಲಗೆ ಒತ್ತಿದರೆ ಹಸಿರು-ಕಂದು ಬಣ್ಣದ ಅಂಟು ಮೊಟ್ಟೆಗಳು ಬಟ್ಟಲಿಗೆ ಸುರಿಯುತ್ತವೆ. ಗಂಡಿನ ವೀರ್ಯ ಹಾಗೆ ಒತ್ತಿದರೆ ಬರುವುದಿಲ್ಲ; ಸಾಮಾನ್ಯವಾಗಿ ಗಂಡು ಮೀನನ್ನು ಕೊಂದು ವೃಷಣ ತೆಗೆಯುತ್ತಾರೆ. ಗಾಬರಿ ಹುಟ್ಟಿಸಲೇಬೇಕಿದ್ದರೆ ಇದನ್ನು ಬರೆಯಬಹುದಿತ್ತು, ಅಲ್ವಾ?

ಒಂದು ಗ್ರಾಂನಲ್ಲೇ ಸುಮಾರು 600 ಮೊಟ್ಟೆ. ಹುಟ್ಟಿದ ಸಾವಿರಾರು ಮರಿಗಳಿಗೆ ಒಂದೊಂದಾಗಿ ಸೂಜಿ ಹಿಡಿದು ಯಾರೂ ಕೂರುವುದಿಲ್ಲ. ಅವು ದಪ್ಪ ಆಗುವುದು ಮೇವಿನಿಂದ.

ಇನ್ನು ಚಾನೆಲ್ ಕ್ಯಾಟ್‌ಫಿಶ್‌ಗೆ ಎಷ್ಟೋ ಕಡೆ ಸೂಜಿಯೇ ಬೇಡ. ಕೊಳದಲ್ಲಿ ಡಬ್ಬ ಇಟ್ಟರೆ ಹೆಣ್ಣು ಅದರೊಳಗೆ ಮೊಟ್ಟೆ ಇಡುತ್ತದೆ. ಗಂಡು ರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ನೀರು ಹಾಯಿಸುತ್ತ ಕಾವಲು ಕಾಯುತ್ತದೆ.