ಹೊಳೆಯನ್ನು ಕೇಳಿ ರಜೆ ಹಾಕಿ

"ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಏಪ್ರಿಲ್‌ನಲ್ಲಿ ಬರ್ತೀವಪ್ಪಾ. ಲಾವೋಸಿನ ಹೊಳೆ ಅಂತಿದ್ಯಲ್ಲ, ಅದನ್ನೂ ಎರಡು ದಿನದಲ್ಲಿ ಮುಗಿಸಿಬಿಡೋಣ" ಎಂದು ಊರಿನಿಂದ ಭಾವ ಫೋನ್ ಮಾಡಿದರು. "ಏಪ್ರಿಲ್ ಬೇಡ ಭಾವ, ಎರಡು ದಿನವಂತೂ ಬೇಡವೇ ಬೇಡ" ಎಂದೆ. ಬ್ಯಾಂಕಾಕ್‌ಗೆ ಬಂದು ಇಷ್ಟು ವರ್ಷವಾದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು: ನಾವು ರಜೆ ನೋಡಿ ಊರು ಆರಿಸುತ್ತೇವೆ, ಹೊಳೆಯ ದಂಡೆಯವರು ಹೊಳೆ ನೋಡಿ ದಿನ ಆರಿಸುತ್ತಾರೆ. ಅವರದೇ ಸರಿ.

ನಾನು ಹೇಳುತ್ತಿರುವುದು ಉತ್ತರ ಲಾವೋಸಿನ ನಾಮ್ ಊ ನದಿಯ ಕಣಿವೆ. ಫೊಂಗ್ಸಾಲಿಯ ಬೆಟ್ಟಗಳಿಂದ ಇಳಿದು ಪಾಕ್ ಊ ಎಂಬಲ್ಲಿ ಮೆಕಾಂಗ್ ಸೇರುವ ಹೊಳೆ. ನಡುವೆ ಸುಣ್ಣಕಲ್ಲಿನ ಬೆಟ್ಟಗಳ ಬುಡದಲ್ಲಿ ನೊಂಗ್ ಖಿಯಾವ್ ಎಂಬ ಊರು. ಅಲ್ಲಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಮೇಲಕ್ಕೆ ಹೋದರೆ ಮುವಾಂಗ್ ಙೋಯ್.

ನಮ್ಮ ಬೇಸಿಗೆ ರಜೆ ಬರುವ ಹೊತ್ತಿಗೆ ಅಲ್ಲಿ ಬೇಸಾಯಕ್ಕೆಂದು ಕಾಡು ಕಡಿದು ಕುಮರಿ ಸುಡುವ ಕಾಲ. ಮಾರ್ಚ್, ಏಪ್ರಿಲ್‌ನಲ್ಲಿ ಹೊಗೆ ಕವಿದು ಎದುರಿನ ಬೆಟ್ಟವೇ ಕಾಣದ ದಿನಗಳಿರುತ್ತವೆ, ಕಣ್ಣು ಉರಿಯುತ್ತದೆ. ಏಪ್ರಿಲ್ ನಡುವೆ ಅವರ ಹೊಸವರ್ಷ, ವಾಹನ ಸಿಗುವುದು ಕಷ್ಟ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಕೆಸರು, ಉಂಬಳ. ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ. ಸ್ವೆಟರ್ ಮರೆಯಬೇಡಿ, ಬೆಳಗಿನ ಮಂಜು ಬಿಡಲು ಒಂಬತ್ತು, ಹತ್ತು ಗಂಟೆಯಾಗುತ್ತದೆ.

ಮೊದಲ ಸಲ ನಾನೂ ಗಂಟೆ ಗಂಟೆಗೆ ಲೆಕ್ಕ ಹಾಕಿಯೇ ಹೋಗಿದ್ದೆ. ಕಡವಿನಲ್ಲಿ ನಾವು ನಾಲ್ವರೇ. ಜನ ಕೂಡಲಿ, ಇಲ್ಲವೇ ಉಳಿದ ಸೀಟಿನ ದುಡ್ಡನ್ನೂ ನೀವೇ ಹಂಚಿಕೊಳ್ಳಿ ಎಂದರು. ದನಿ ಏರಿಸಿದೆ. ದೋಣಿಯವರು ನಕ್ಕು, ಕೂರಲು ಮಣೆ ಕೊಟ್ಟರು. ಆ ಮಣೆಯ ಮೇಲೆ ಕೂತಾಗ ನೆನಪಾದದ್ದು ನಮ್ಮಜ್ಜಿ. ತವರಿಗೆ ಹೋಗುವಾಗ ಹೊಳೆ ತುಂಬಿದ್ದರೆ ಅವರು ಕಡವಿನಲ್ಲೇ ಬುತ್ತಿ ಬಿಚ್ಚಿ ಕಾಯುತ್ತಿದ್ದರಂತೆ. ಅಂಬಿಗ ಬೇಡವೆಂದರೆ ಬೇಡ. ಆ ರೀತಿ ನಮ್ಮ ಮನೆಯಲ್ಲೇ ಇತ್ತು. ಎರಡೇ ತಲೆಮಾರಿನಲ್ಲಿ ಕಳೆದುಕೊಂಡಿದ್ದೇವೆ.

ಹಳೆಯ ಪುಸ್ತಕ ನಂಬಿ ಹೊರಡಬೇಡಿ. ಹಿಂದೆ ಮೆಕಾಂಗ್ ದಂಡೆಯ ಲುವಾಂಗ್ ಪ್ರಬಾಂಗ್ ಪಟ್ಟಣದಿಂದಲೇ ದೋಣಿಯಲ್ಲಿ ನೊಂಗ್ ಖಿಯಾವ್ ತಲುಪಬಹುದಿತ್ತು. ಈಗ ನಾಮ್ ಊ ಮೇಲೆ ಏಳು ಅಣೆಕಟ್ಟುಗಳಿವೆ, ಆ ಜಲದಾರಿ ಮುಚ್ಚಿಹೋಗಿದೆ. ಹೊಳೆಯನ್ನೇ ನಂಬಿದ್ದ ಹಳ್ಳಿಗಳ ಪಾಲಿಗೆ ಇದು ಸಣ್ಣ ನಷ್ಟವಲ್ಲ. ಬದಲಿಗೆ ರೈಲು ಬಂದಿದೆ: 2021ರ ಡಿಸೆಂಬರ್‌ನಿಂದ ರಾಜಧಾನಿ ವಿಯೆಂಟಿಯಾನ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಎರಡೇ ಗಂಟೆ. ಅಲ್ಲಿಂದ ನೊಂಗ್ ಖಿಯಾವ್‌ಗೆ ವ್ಯಾನ್‌ನಲ್ಲಿ ಮೂರು ನಾಲ್ಕು ಗಂಟೆ. ಅಲ್ಲಿನ ಹಣ ಕಿಪ್, ಅದರ ನೋಟುಗಳನ್ನು ಪಟ್ಟಣದಲ್ಲೇ ತೆಗೆದಿಟ್ಟುಕೊಳ್ಳಿ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ನಮ್ಮ ಮಕ್ಕಳು ಹಳ್ಳಿಗೆ ಹೋದರೆ ಗದ್ದೆ, ತೋಪು ಎನ್ನದೆ ಓಡುತ್ತಾರೆ, ನಾವೂ ಬಿಡುತ್ತೇವೆ. ಅಲ್ಲಿ ಬಿಡಬಾರದು. 1964ರಿಂದ 1973ರವರೆಗೆ ಅಮೆರಿಕದ ವಿಮಾನಗಳು ಲಾವೋಸ್ ಮೇಲೆ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿದವು. ಚೆಂಡಿನಂಥ ಸಣ್ಣ ಬಾಂಬುಗಳು ಸಿಡಿಯದೆ ಇನ್ನೂ ಮಣ್ಣಿನಲ್ಲಿವೆ. ನೊಂಗ್ ಖಿಯಾವ್ ಹತ್ತಿರದ ಫಾ ಥೋಕ್ ಗವಿಯಲ್ಲಿ ಆಗ ಜನ ವರ್ಷಗಟ್ಟಲೆ ಅಡಗಿ ಬದುಕಿದ್ದರು. ಸವೆದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡಬೇಡಿ, ಕಬ್ಬಿಣದ ಚೂರು ಕಂಡರೆ ಮುಟ್ಟಬೇಡಿ.

ಊಟದ ಚಿಂತೆ ನಮ್ಮವರಿಗೆ ದೊಡ್ಡದು. ಅಡುಗೆಗೆ ಕೊಳೆಹಾಕಿದ ಮೀನಿನ ಪಾದೇಕ್ ಬೀಳುತ್ತದೆ. ಸಸ್ಯಾಹಾರಿಗಳು ಮೊದಲೇ ಹೇಳಬೇಕು. ಬಿದಿರಿನ ಬುಟ್ಟಿಯ ಅಂಟಕ್ಕಿ ಅನ್ನ ಎಲ್ಲೆಲ್ಲೂ ಉಂಟು. ಮುದ್ದೆ ಮುರಿದಂತೆ ಮುರಿದು ಬೆರಳಲ್ಲೇ ಉಂಡೆ ಮಾಡಿ ತಿನ್ನುತ್ತಾರೆ. ಚಳಿಗಾಲದಲ್ಲಿ ನೀರು ತಿಳಿಯಾದಾಗ ಹೆಂಗಸರು ಹೊಳೆಗಿಳಿದು ಪಾಚಿ ಕೀಳುತ್ತಾರೆ. ತೊಳೆದು ತೆಳ್ಳಗೆ ಹರಡಿ, ಎಳ್ಳು ಉದುರಿಸಿ, ಟೊಮೆಟೊ ಬೆಳ್ಳುಳ್ಳಿಯ ಬಿಲ್ಲೆಗಳನ್ನಿಟ್ಟು ಬಿಸಿಲಿಗೆ ಒಡ್ಡುತ್ತಾರೆ. ಒಣಗಿದ ಹಸಿರು ಹಾಳೆಯನ್ನು ಬೆಳಕಿಗೆ ಹಿಡಿದರೆ ಎಳೆ ಎಳೆ ಕಾಣುತ್ತದೆ. ಅದೇ ಖೈಪೆನ್. ಎಣ್ಣೆಯಲ್ಲಿ ಒಂದು ಕ್ಷಣ ಕರಿದರೆ ನಮ್ಮ ಹಪ್ಪಳದ ಹಾಗೆ ಗರಿಗರಿ. 

ಭಾವ ಒಪ್ಪಿದ್ದಾರೆ. ಡಿಸೆಂಬರ್, ನಾಲ್ಕು ರಾತ್ರಿ. ಎರಡನೆಯ ದಿನದ ಎದುರು ಏನನ್ನೂ ಬರೆದಿಲ್ಲ.