ಕಮಿಷನ್ ಮನೆ ತೋರಿಸಿದ್ದಕ್ಕಲ್ಲ

ಆಸ್ತಿ ಮಾರಾಟದ ಏಜೆಂಟರ ಕುರಿತು ಪ್ರಕಟವಾದ ಲೇಖನದಲ್ಲಿ, ಮನೆ ತೋರಿಸುವುದಷ್ಟೇ ಅವರ ಕೆಲಸವೆಂದಿರುವ ಲೇಖಕರ ಮಾತನ್ನು, ಮೈಸೂರಿನಲ್ಲಿ ಬಹುಕಾಲದಿಂದ ಇದೇ ವೃತ್ತಿಯಲ್ಲಿರುವ ನಾನು ಒಪ್ಪಲಾರೆ. ಮೂಲ ಕ್ರಯಪತ್ರ, ಖಾತೆ, ತೆರಿಗೆ ರಸೀದಿಗಳನ್ನು ಒಂದಕ್ಕೊಂದು ತಾಳೆ ನೋಡಿ, ಪಿತ್ರಾರ್ಜಿತ ಆಸ್ತಿಯಾದರೆ ವಂಶವೃಕ್ಷ ತರಿಸಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲಿರುವುದರಿಂದ ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿಯೂ ಬೇಕೆಂದು ಮನೆಯವರಿಗೆ ತಿಳಿಹೇಳುವಷ್ಟರಲ್ಲಿ ಎಷ್ಟೋ ಸಲ ತಿಂಗಳುಗಳೇ ಕಳೆಯುತ್ತವೆ. ಆಸ್ತಿಯ ಮೇಲಿನ ಮಾರಾಟ, ಅಡಮಾನಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಕಾಣುವುದು ನೋಂದಾಯಿತ ವ್ಯವಹಾರಗಳು ಮಾತ್ರ. ಬಾಯಿಮಾತಿನಲ್ಲೇ ಆದ ಆಸ್ತಿಯ ಪಾಲು, ನೋಂದಣಿಯಾಗದ ಕರಾರು ಇವೆಲ್ಲ ನೆರೆಹೊರೆಯವರನ್ನು ವಿಚಾರಿಸಿದಾಗಲೇ ಹೊರಬರುತ್ತವೆ. ಹಾಗೆ ಹೊರಬಂದ ಸಂಗತಿಯನ್ನು ಕೊಳ್ಳುವವರಿಗೆ ತಿಳಿಸಿದರೆ ವ್ಯಾಪಾರ ಮುರಿದು ನಮಗೆ ಬಿಡಿಗಾಸೂ ಸಿಗುವುದಿಲ್ಲ, ಆದರೂ ತಿಳಿಸಲೇಬೇಕು, ಏಕೆಂದರೆ ಅವರು ಹೂಡುವ ಹಣ ಬಹುಪಾಲು ಒಂದು ಕುಟುಂಬದ ಜೀವಮಾನದ ಉಳಿತಾಯವಾಗಿರುತ್ತದೆ.

ಭೂಪರಿವರ್ತನೆಯಾಗದ, ಅಂದರೆ ದಾಖಲೆಯಲ್ಲಿ ಇನ್ನೂ ಕೃಷಿಭೂಮಿಯಾಗಿಯೇ ಇರುವ ಕಂದಾಯ ನಿವೇಶನಗಳನ್ನು ಅಮಾಯಕರಿಗೆ ದಾಟಿಸುವವರು ನಮ್ಮಲ್ಲಿದ್ದಾರೆಂಬ ಲೇಖಕರ ಆರೋಪ ಮಾತ್ರ ನಿಜ, ಅದು ನನಗೂ ನೋವಿನ ವಿಷಯ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 9ನೇ ಕಲಂ ಏಜೆಂಟರ ನೋಂದಣಿಯನ್ನು ಕಡ್ಡಾಯಗೊಳಿಸಿದ್ದರೂ ಅದು ನೋಂದಾಯಿತ ಯೋಜನೆಗಳ ಮಾರಾಟಕ್ಕಷ್ಟೇ ಅನ್ವಯಿಸುತ್ತದೆ. ಬಿಡಿ ನಿವೇಶನ ಮತ್ತು ಹಳೆಯ ಮನೆಗಳ ಮರುಮಾರಾಟ ಮಾಡಿಸುವವರಿಗೂ ಅದನ್ನು ವಿಸ್ತರಿಸಬೇಕೆಂದು ಲೇಖನ ಒತ್ತಾಯಿಸಬೇಕಿತ್ತು.