ಎಂಟು ತೋಳಿನವರು ಎಲ್ಲಿ ಕೂರುತ್ತಾರೆ?

ಗ್ಯಾಲಕ್ಸಿಯನ್ನೇ ಆಳುವ ಸಾಮ್ರಾಜ್ಯ ಕಟ್ಟುವುದು ಬಹಳ ಸುಲಭ. ಒಂದು ಪೆನ್ನು, ಒಂದು ಸಂಜೆ ಇದ್ದರೆ ಸಾಕು. ಮೂರು ಸಾವಿರ ಗ್ರಹ, ಹತ್ತಾರು ಜನಾಂಗ, ಒಬ್ಬ ಕ್ರೂರ ಚಕ್ರವರ್ತಿ, ಎಲ್ಲೋ ತಲೆಮರೆಸಿಕೊಂಡಿರುವ ಒಬ್ಬ ವಾರಸುದಾರ. ಊಟಕ್ಕೆ ಏಳುವ ಹೊತ್ತಿಗೆ ಎರಡು ಮಹಾಯುದ್ಧಗಳೂ ಮುಗಿದಿರುತ್ತವೆ. ಕಷ್ಟ ಶುರುವಾಗುವುದು ಆಮೇಲೆ. ಚಕ್ರವರ್ತಿಯನ್ನು ಕಾಣಲು ಬೇರೆ ಗ್ರಹದ ರಾಯಭಾರಿ ಬರುತ್ತಾರೆ. ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತಾನೆ ಚಕ್ರವರ್ತಿ. ರಾಯಭಾರಿಗೆ ಎಂಟು ತೋಳು, ಮೈಯಲ್ಲಿ ಒಂದೂ ಮೂಳೆ ಇಲ್ಲ. ಅವರು ಎಲ್ಲಿ ಕೂರಬೇಕು? ಅಸಲಿಗೆ ಕೂರುವುದು ಅನ್ನೋದು ಅವರಲ್ಲಿ ಇದೆಯಾ?

ಯುದ್ಧನೌಕೆಯನ್ನು ಯಾರು ಬೇಕಾದರೂ ಹಾರಿಸಬಹುದು. ಢಂ ಅಂತ ಸಿಡಿಸಲೂಬಹುದು. ನಿರ್ವಾತದಲ್ಲಿ ಸದ್ದು ಕೇಳಿಸುವುದಿಲ್ಲ ಅಂತ ಗೊತ್ತಿದ್ದರೂ ಓದುಗರು ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಬೇರೆ ಲೋಕದವರ ಒಂದು ಸಾಮಾನ್ಯ ದಿನವನ್ನು ಬರೆಯಿರಿ ನೋಡೋಣ. ಎದ್ದು ಏನು ಮಾಡುತ್ತಾರೆ, ಯಾವುದಕ್ಕೆ ಜಗಳ ಆಡುತ್ತಾರೆ, ಯಾವುದಕ್ಕೆ ನಗುತ್ತಾರೆ? ಅಲ್ಲಿ ಬೆವರು ಇಳಿಯುತ್ತದೆ. ಹಾಗಾಗಿಯೇ ಎಷ್ಟೋ ಕಥೆಗಳಲ್ಲಿ ಅನ್ಯಗ್ರಹದವರು ಅಂದರೆ ಹಣೆಯಲ್ಲಿ ನಾಲ್ಕು ಗೆರೆ ಜಾಸ್ತಿ ಇರುವ ಮನುಷ್ಯರು, ಅಷ್ಟೇ. ಪರದೆಯ ಮೇಲೆ ಅದಕ್ಕೊಂದು ನೆಪ ಇದೆ. ಒಳಗೆ ಒಬ್ಬ ನಟ ಇರಬೇಕು, ಅವನಿಗೆ ಎರಡೇ ಕಾಲು. ಬರೆಯುವವರಿಗೆ ಆ ನೆಪವೂ ಇಲ್ಲ. ಕಾಗದದ ಮೇಲೆ ಎರಡು ಕಾಲಿಗೂ ನಲವತ್ತು ಕಾಲಿಗೂ ಖರ್ಚು ಒಂದೇ.

ಇನ್ನು ಹೆಸರುಗಳು. ಕ್ಝ್ರಗ್ತ್ ಅಂತ ಹೆಸರಿಟ್ಟ ಮಾತ್ರಕ್ಕೆ ಯಾರೂ ಬೇರೆ ಗ್ರಹದವರಾಗುವುದಿಲ್ಲ. ಓದುವವರು ಅದನ್ನು ಹಾರಿಸಿಕೊಂಡು ಮುಂದೆ ಹೋಗುತ್ತಾರೆ.

ವಿಚಿತ್ರ ಜೀವಿ ಬೇಕು ಅಂದರೆ ಬೇರೆ ನಕ್ಷತ್ರದ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ಸಮುದ್ರದ ಆಕ್ಟೋಪಸ್ಸನ್ನೇ ನೋಡಿ. ಮೂರು ಹೃದಯ, ನೀಲಿ ರಕ್ತ. ನರಕೋಶಗಳು ಸುಮಾರು 50 ಕೋಟಿ. ಅದರಲ್ಲಿ ಮೂರನೇ ಎರಡು ಪಾಲು ಇರುವುದು ತಲೆಯಲ್ಲಲ್ಲ, ತೋಳುಗಳಲ್ಲಿ. ಅಂದರೆ ಒಂದೊಂದು ತೋಳೂ ಒಂದಿಷ್ಟು ಕೆಲಸವನ್ನು ತಾನೇ ಯೋಚಿಸಿ ಮಾಡುತ್ತದೆ. ಇಂಥವರ ಒಂದು ನಾಡು ಇದ್ದರೆ ಅಲ್ಲಿಯ ಕೋರ್ಟು ಹೇಗಿರಬಹುದು? ಕಳ್ಳತನ ಮಾಡಿದ್ದು ಐದನೇ ತೋಳು. ಉಳಿದ ಏಳಕ್ಕೆ ಆ ವಿಷಯ ಗೊತ್ತೇ ಇಲ್ಲ. ಜೈಲಿಗೆ ಯಾರನ್ನು ಹಾಕುವುದು? ಶಾಂತಿ ಒಪ್ಪಂದಕ್ಕೆ ಐದು ತೋಳು ಸಹಿ ಹಾಕಿ, ಮೂರು ಸುಮ್ನೆ ಮುದುಡಿಕೊಂಡು ಕೂತರೆ ಒಪ್ಪಂದ ಆದಂತೆಯಾ, ಆಗದಂತೆಯಾ? ಕಥೆ ಹುಟ್ಟುವುದು ಇಲ್ಲಿ. ಚಕ್ರವರ್ತಿಯ ಕಿರೀಟದಲ್ಲಿ ಅಲ್ಲ.

ಆಕ್ಟೋಪಸ್ಸಿನ ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಹೆಚ್ಚಿನ ಜಾತಿಗಳು ಬದುಕುವುದು ಒಂದೆರಡು ವರ್ಷ ಮಾತ್ರ. ತಾಯಿ ಹೊಟ್ಟೆಗಿಲ್ಲದೆ ಮೊಟ್ಟೆ ಕಾಯುತ್ತಾಳೆ, ಮರಿಗಳು ಹೊರಬರುವ ಹೊತ್ತಿಗೆ ಸಾಯುತ್ತಾಳೆ. ತಂದೆ ಅದಕ್ಕೂ ಮೊದಲೇ ಹೋಗಿರುತ್ತಾನೆ. ಅಷ್ಟು ಬುದ್ಧಿ ಇರುವ ಪ್ರಾಣಿ, ಆದರೆ ಹೇಳಿಕೊಡುವ ಹಿರಿಯರೇ ಇಲ್ಲ. ಪ್ರತಿ ಮರಿಯೂ ಎಲ್ಲವನ್ನೂ ಮೊದಲಿನಿಂದ ಕಲಿಯಬೇಕು. ಇವರಿಂದ ಒಂದು ನಾಗರಿಕತೆ ಮಾಡಬೇಕು ಅಂದರೆ ಲೇಸರ್ ಬಂದೂಕು ಕೊಟ್ಟರೆ ಆಗದು. ಮೊದಲು ಅಜ್ಜಿಯರನ್ನು ಬದುಕಿಸಬೇಕು. ಅಜ್ಜಿ ಇದ್ದರೆ ಕಥೆ ಇರುತ್ತದೆ, ಹಳೆಯ ಸಿಟ್ಟು ಇರುತ್ತದೆ, ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಇರುತ್ತದೆ. ಸಾಮ್ರಾಜ್ಯಕ್ಕೆ ಬೇಕಾದ್ದು ಇಷ್ಟೇ ಅಲ್ವಾ?

ನೀರಿನಲ್ಲಿರುವವರಿಗೆ ಇನ್ನೊಂದು ತೊಡಕಿದೆ, ಬೆಂಕಿ. ನೀರೊಳಗೆ ಒಲೆ ಹೊತ್ತಿಸುವುದು ಹೇಗೆ? ಒಲೆ ಇಲ್ಲದೆ ಲೋಹ ಕರಗದು, ಲೋಹ ಇಲ್ಲದೆ ರಾಕೆಟ್ ಇಲ್ಲ. ಸಾಗರದ ತಳದಲ್ಲಿ ಬಿಸಿನೀರಿನ ಬುಗ್ಗೆಗಳಿವೆ, ನಿಜ. ನಮ್ಮ ಭೂಮಿಯಲ್ಲಿ ಅಂಥ ಬುಗ್ಗೆಗಳ ಬಿಸಿ 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಸೀಸ 327 ಡಿಗ್ರಿಗೇ ಕರಗುತ್ತದೆ. ಕಬ್ಬಿಣಕ್ಕೆ 1,538 ಡಿಗ್ರಿ ಬೇಕು. ಅಂದರೆ ಇವರ ಮಹಾವೀರನ ಕೈಯಲ್ಲಿ ಇರುವುದು ಸೀಸದ ಕತ್ತಿ. ಒಂದು ಏಟಿಗೆ ಬಗ್ಗಿಹೋಗುತ್ತದೆ, ಮತ್ತೆ ನೆಟ್ಟಗೆ ಮಾಡಿಕೊಂಡು ಹೊಡೆಯಬೇಕು. ಇಂಥ ಯುದ್ಧವನ್ನು ನಾನಂತೂ ಖುಷಿಯಿಂದ ಓದುತ್ತೇನೆ. ಗುರುಗ್ರಹದ ಚಂದ್ರ ಯೂರೋಪಾದಲ್ಲಿ ಕಿಲೋಮೀಟರುಗಟ್ಟಲೆ ದಪ್ಪ ಮಂಜುಗಡ್ಡೆಯ ಕೆಳಗೆ ಸಾಗರ ಇದೆ ಅನ್ನುವುದಕ್ಕೆ ಬಲವಾದ ಸುಳಿವುಗಳಿವೆ. ಅಲ್ಲಿ ಯಾರಾದರೂ ಇದ್ದರೆ ಅವರಿಗೆ ಮೇಲಿರುವುದು ಚಾವಣಿ. ನಕ್ಷತ್ರ ಅನ್ನುವುದು ಅವರ ಕನಸಿನಲ್ಲೂ ಬರಲಾರದು. ಅಂಥವರಿಗೆ ಮೇಲೆ ಕೊರೆಯಬೇಕು ಅಂತ ಯಾಕೆ ಅನ್ನಿಸುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕವರಿಗೆ ಅರ್ಧ ಕಾದಂಬರಿ ಸಿಕ್ಕ ಹಾಗೆ.

ಕಾಲದ ಲೆಕ್ಕವೂ ಹೀಗೇ ಆಟ ಆಡಿಸುತ್ತದೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅದನ್ನು ಸುತ್ತುವ ಒಂದು ಗ್ರಹ ಪತ್ತೆಯಾಗಿದ್ದು 2016ರಲ್ಲಿ. ಅಲ್ಲಿ ವರ್ಷ ಅಂದರೆ ನಮ್ಮ 11.2 ದಿನ. ನಮ್ಮ ಮೂವತ್ತು ವರ್ಷದವರು ಅಲ್ಲಿ ಸುಮಾರು 980 ಹುಟ್ಟುಹಬ್ಬ ಮುಗಿಸಿರುತ್ತಾರೆ. ಶುಭ ಕೋರಿ ಕೋರಿ ನೆಂಟರಿಗೇ ಸಾಕಾಗಿರುತ್ತದೆ. ಆ ಗ್ರಹ ಬಹುಶಃ ತನ್ನ ನಕ್ಷತ್ರಕ್ಕೆ ಯಾವಾಗಲೂ ಒಂದೇ ಮುಖ ತೋರಿಸುತ್ತದೆ. ಹಾಗಿದ್ದರೆ ಒಂದು ಕಡೆ ಸದಾ ಹಗಲು, ಇನ್ನೊಂದು ಕಡೆ ಸದಾ ರಾತ್ರಿ, ನಡುವೆ ಒಂದು ಪಟ್ಟಿ ಮುಸ್ಸಂಜೆ. ಅಲ್ಲಿ ಜನ ಇದ್ದರೆ ಆ ಪಟ್ಟಿಗಾಗಿಯೇ ಹೊಡೆದಾಡುತ್ತಿರಬಹುದು. ನಮಗೆ ಸಂಜೆ ಅಂದರೆ ಹೊತ್ತು. ಅವರಿಗೆ ಅದು ವಿಳಾಸ.

ದೂರದ ವಿಷಯಕ್ಕೆ ಬಂದರೆ ಚಕ್ರವರ್ತಿಯ ಪಾಡು ಯಾರಿಗೂ ಬೇಡ. ಪ್ರಾಕ್ಸಿಮಾ 4.24 ಜ್ಯೋತಿರ್ವರ್ಷ ದೂರ. ‘ಬಂಡಾಯ ಹತ್ತಿಕ್ಕಿ’ ಅಂತ ಬೆಳಕಿನ ವೇಗದಲ್ಲೇ ಆಜ್ಞೆ ಕಳಿಸಿದರೂ ತಲುಪಲು ನಾಲ್ಕು ವರ್ಷದ ಮೇಲೆ ಬೇಕು. ಉತ್ತರ ಬರಲು ಮತ್ತೆ ಅಷ್ಟೇ. ಅಷ್ಟರಲ್ಲಿ ಬಂಡಾಯಗಾರರೇ ಮಂತ್ರಿಗಳಾಗಿರುತ್ತಾರೆ. ನಮ್ಮ ಕ್ಷೀರಪಥದ ಅಗಲವಂತೂ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ಅದಕ್ಕೇ ಎಷ್ಟೋ ಲೇಖಕರು ಬೆಳಕನ್ನೂ ಹಿಂದಿಕ್ಕುವ ಒಂದು ಅಡ್ಡದಾರಿ ಕೊರೆದುಕೊಳ್ಳುತ್ತಾರೆ. ನನ್ನದೇನೂ ತಕರಾರಿಲ್ಲ. ಒಂದು ಸುಳ್ಳು ಹೇಳಿ, ಆದರೆ ಅದಕ್ಕೇ ಕೊನೆತನಕ ಕಟ್ಟುಬೀಳಿ. ನಾಯಕ ಸಿಕ್ಕಿಹಾಕಿಕೊಂಡಾಗಲೆಲ್ಲ ಹೊಸ ಯಂತ್ರ ತಂದರೆ ಓದುವವರಿಗೆ ಅವನ ಜೀವದ ಚಿಂತೆಯೇ ಇರುವುದಿಲ್ಲ.

ಇವೆಲ್ಲ ಯಾವ ಭಾಷೆಯಲ್ಲಿ ಬರೆದರೂ ಇರುವ ತಾಪತ್ರಯ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಇದೆ. ರಾಯಭಾರಿ ಬಂದನಾ, ಬಂದಳಾ, ಬಂತಾ? ಗಂಡು ಹೆಣ್ಣು ಎಂಬ ಭೇದವೇ ಇಲ್ಲದ ಜನಾಂಗವನ್ನು ಕಟ್ಟಿಕೊಂಡು ಕೂತರೆ ಪ್ರತಿ ಕ್ರಿಯಾಪದವೂ ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ‘ಬಂತು’ ಅಂದರೆ ನಾಯಿಯೋ ಪಾರ್ಸೆಲ್ಲೋ ಬಂದ ಹಾಗಿರುತ್ತದೆ. ಅದಕ್ಕೇ ನಾನು ರಾಯಭಾರಿಗೆ ಬಹುವಚನ ಕೊಟ್ಟಿದ್ದು. ಮರ್ಯಾದೆಗೇನೂ ಅಲ್ಲ. ಆದರೆ ಒಬ್ಬರಿಗೆ ಕೊಟ್ಟ ಮೇಲೆ ಆ ಜನಾಂಗಕ್ಕೆಲ್ಲ ಕೊಡಬೇಕಲ್ಲ? ಅವರ ಅಡುಗೆಯವರು, ಅವರ ಜೇಬುಗಳ್ಳರು, ಕತ್ತಲಲ್ಲಿ ಚಕ್ರವರ್ತಿಯ ಬೆನ್ನಿಗೆ ಚೂರಿ ಹಾಕುವವರು ಕೂಡ. ‘ಮೆಲ್ಲಗೆ ಬಂದರು, ಚೂರಿ ಹಾಕಿದರು, ಹೊರಟರು.’ ಬಂದವರು ಒಬ್ಬರೋ ನಲವತ್ತು ಜನವೋ, ಅದೂ ತಿಳಿಯುವುದಿಲ್ಲ.

ಈ ತೊಂದರೆಯಿಂದ ಒಂದು ಲಾಭವೂ ಇದೆ. ನೌಕೆಯ ಕ್ಯಾಪ್ಟನ್ ಮೊದಲ ಅಧ್ಯಾಯಗಳಲ್ಲಿ ‘ಅದು ಹೇಳೋದನ್ನ ನಂಬಬೇಡಿ’ ಅನ್ನುತ್ತಾಳೆ. ಕಥೆ ನಡುವಿಗೆ ಬರುವಾಗ ‘ಅವರನ್ನ ಕೇಳಿ ನೋಡಿ’ ಅನ್ನುತ್ತಾಳೆ. ಕೊನೆಕೊನೆಗೆ ರಾಯಭಾರಿಗೇ ‘ಏಯ್, ನೀನು ಸುಮ್ನಿರು’ ಅಂತ ಗದರುತ್ತಾಳೆ. ಸ್ನೇಹದ ಬಗ್ಗೆ ಒಂದು ಭಾಷಣವೂ ಬೇಕಾಗಲಿಲ್ಲ.

ರಾಯಭಾರಿಯ ಕಡೆಯಿಂದ ನೋಡಿದರೆ ವಿಚಿತ್ರ ನಾವೇ. ಎರಡೇ ತೋಳು, ಅವಕ್ಕೂ ಸ್ವಂತ ಅಭಿಪ್ರಾಯ ಇಲ್ಲ. ಕ್ಯಾಪ್ಟನ್ ಒಂದು ದೊಡ್ಡ ತೀರ್ಮಾನ ತೆಗೆದುಕೊಂಡ ದಿನ ರಾಯಭಾರಿ ಗಾಬರಿಯಾಗಿ ಕೇಳುತ್ತಾರೆ: ‘ನಿಮ್ಮ ಕೈಗಳನ್ನ ಒಂದು ಮಾತೂ ಕೇಳಲಿಲ್ವಾ?’